ಒಳಗೆ ಕೂತವರ ಎರಡು ವಾರ: ಅಣುದುರಂತದ ಚಿತ್ರಗಳೂ ನೋಡುಗರ ತಕರಾರೂ

ಕಡಿಮೆ ದುಡ್ಡಿನಲ್ಲಿ ತೆಗೆದ ಅಣುದುರಂತದ ಚಿತ್ರಗಳ ಮೇಲೆ ನೋಡುಗರ ತಕರಾರು ಮುಖ್ಯವಾಗಿ ಎರಡು. ಒಂದು, ‘ಏನೂ ನಡೆಯುವುದೇ ಇಲ್ಲ, ಒಂದು ಮನೆ, ನಾಲ್ಕು ಜನ, ಗೊರಗೊರ ಎನ್ನುವ ಒಂದು ರೇಡಿಯೊ.’ ಇನ್ನೊಂದು, ‘ವಿಕಿರಣ ಹಾಗೆಲ್ಲ ಕೆಲಸ ಮಾಡುವುದಿಲ್ಲ.’ ಎರಡನೆಯದು ಬಹುಪಾಲು ನ್ಯಾಯವಾದ ತಕರಾರು. ಮೊದಲನೆಯದನ್ನು ಒಪ್ಪುವುದು ಕಷ್ಟ. ಬಾಂಬು ಬಿದ್ದ ಮೇಲೆ ಬದುಕುಳಿದವರಿಗೆ ಇರುವ ದೊಡ್ಡ ಕೆಲಸವೇ ಒಳಗೆ ಕೂಡುವುದು. ಅದನ್ನು ತೋರಿಸಲು ಹಣ ಬೇಕಿಲ್ಲ, ಲೆಕ್ಕ ಸರಿ ಇರಬೇಕು.

ಈ ಬಗೆಯ ಚಿತ್ರಗಳಿಗೆ ದಾರಿ ಹಾಕಿದ್ದು ಪೀಟರ್ ವಾಟ್ಕಿನ್ಸ್ 1965ರಲ್ಲಿ ಬಿಬಿಸಿಗಾಗಿ ತೆಗೆದ ‘ದಿ ವಾರ್ ಗೇಮ್’. ವೃತ್ತಿನಟರಲ್ಲದ ಸಾಮಾನ್ಯ ಜನರೇ ಪಾತ್ರಧಾರಿಗಳು, ಕ್ಯಾಮೆರಾ ಸುದ್ದಿಚಿತ್ರದಂತೆ ಅಲುಗಾಡುತ್ತದೆ. ವಿಪರೀತ ಭಯಂಕರವಾಗಿದೆ ಎಂದು ಬಿಬಿಸಿಯೇ ಅದನ್ನು ತಡೆಹಿಡಿಯಿತು. ಸಾಕ್ಷ್ಯಚಿತ್ರ ವಿಭಾಗದಲ್ಲಿ ಆಸ್ಕರ್ ಬಂದರೂ ಬ್ರಿಟನ್ನಿನ ಟಿವಿ ನೋಡುಗರಿಗೆ ಅದು ಸಿಕ್ಕಿದ್ದು 1985ರಲ್ಲಿ.

1983ರ ನವೆಂಬರ್ 20ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ‘ದಿ ಡೇ ಆಫ್ಟರ್’ ಬಂತು. ಸುಮಾರು 70 ಲಕ್ಷ ಡಾಲರ್ ಖರ್ಚು, ಸುಮಾರು 10 ಕೋಟಿ ಪ್ರೇಕ್ಷಕರು. ಮೊದಲೇ ನೋಡಿದ್ದ ಅಧ್ಯಕ್ಷ ರೇಗನ್, ಮನಸ್ಸು ತೀರಾ ಕುಗ್ಗಿತೆಂದು ದಿನಚರಿಯಲ್ಲಿ ಬರೆದುಕೊಂಡರು. ಅದೇ ತಿಂಗಳು ತೆರೆಗೆ ಬಂದ ‘ಟೆಸ್ಟಮೆಂಟ್’ ಚಿತ್ರದ್ದು ಹತ್ತು ಲಕ್ಷ ಡಾಲರಿಗಿಂತ ಕಡಿಮೆ ಖರ್ಚು. ಸ್ಫೋಟವೆಂದರೆ ಕಿಟಕಿಯಲ್ಲಿ ಮಿಂಚಿದ ಬೆಳಕು, ಅಷ್ಟೆ. ಬಾಂಬು ಹಾಕಿದವರು ಯಾರೆಂದೂ ಹೇಳುವುದಿಲ್ಲ. ಮುಂದಿನದೆಲ್ಲ ಒಬ್ಬ ತಾಯಿ, ಅವಳ ಮಕ್ಕಳು, ಊರಿನಲ್ಲಿ ಏರುತ್ತ ಹೋಗುವ ಸಾವಿನ ಎಣಿಕೆ. ತಾಯಿಯಾಗಿ ನಟಿಸಿದ ಜೇನ್ ಅಲೆಕ್ಸಾಂಡರ್ ಆಸ್ಕರ್‌ಗೆ ನಾಮನಿರ್ದೇಶನಗೊಂಡರು.

ಮರುವರ್ಷ ಬಿಬಿಸಿಯ ‘ಥ್ರೆಡ್ಸ್’ ಶೆಫೀಲ್ಡ್ ನಗರವನ್ನು ಹಿಡಿದು ಕಥೆ ಹೇಳಿತು. ಅದರಲ್ಲಿ ವಯಸ್ಸಾದ ದಂಪತಿ ಮನೆಯ ಬಾಗಿಲುಗಳನ್ನು ಕಿತ್ತು, ಗೋಡೆಗೆ ಓರೆಯಾಗಿ ನಿಲ್ಲಿಸಿ, ಹಾಸಿಗೆ ಒಟ್ಟಿ ಗೂಡು ಕಟ್ಟುತ್ತಾರೆ. ಬ್ರಿಟಿಷ್ ಸರ್ಕಾರ 1980ರಲ್ಲಿ ಹೊರತಂದಿದ್ದ ಕೈಪಿಡಿ ಇಂಥ ಗೂಡನ್ನು ಕಟ್ಟಿಕೊಂಡು 14 ದಿನ ಒಳಗಿರಿ ಎಂದಿತ್ತು. ಗೂಡಿನ ಮೇಲೆ ಮಣ್ಣು, ಮರಳು ತುಂಬಿದ ಚೀಲ ಒಟ್ಟಬೇಕೆಂದೂ ಅದರಲ್ಲಿತ್ತು. ವಿಕಿರಣ ಧೂಳಿನಿಂದ ಹೊರಟು ಗೋಡೆಯನ್ನೂ ತೂರುವ ಗಾಮಾ ಕಿರಣವನ್ನು ಬರೀ ಹಾಸಿಗೆ ತಡೆಯುವುದಿಲ್ಲ, ತಡೆಯುವುದು ತೂಕ.

ಆ 14 ದಿನ ಎಲ್ಲಿಂದ ಬಂತು? ಬಾಂಬು ಸಿಡಿದಾಗ ಮೇಲೆದ್ದು ಮತ್ತೆ ಕೆಳಗೆ ಬೀಳುವ ವಿಕಿರಣ ಧೂಳಿಗೆ ಒಂದು ಅಂದಾಜು ಸೂತ್ರವಿದೆ: ಸಮಯ ಏಳು ಪಟ್ಟು ಆದಾಗಲೆಲ್ಲ ತೀವ್ರತೆ ಹತ್ತನೇ ಒಂದಕ್ಕೆ ಇಳಿಯುತ್ತದೆ. ಸ್ಫೋಟದ ಒಂದು ಗಂಟೆಯ ನಂತರ 1000 ಇದ್ದರೆ, 7 ಗಂಟೆಗೆ 100, ಎರಡು ದಿನಕ್ಕೆ 10, ಎರಡು ವಾರಕ್ಕೆ 1. ಹಾಗಾಗಿ ನಾಯಕ ಮೂರನೇ ಗಂಟೆಗೆ ಹೆಂಡತಿಯನ್ನು ಹುಡುಕುತ್ತ ಹೊರಟರೆ ಅದು ಶೌರ್ಯವಲ್ಲ, ಚಿತ್ರಕಥೆಯ ದೋಷ. ಅದೇ ಮನುಷ್ಯ ಮೂರನೇ ದಿನ ಹತ್ತು ನಿಮಿಷಕ್ಕೆಂದು ನೀರು ತರಲು ಹೋದರೆ ನಂಬಬಹುದು. ನೋಡುಗರು ‘ಎಳೆದಿದ್ದಾರೆ’ ಎಂದು ಬೈಯುವ ಆ ಮೊದಲ ಎರಡು ದಿನಗಳೇ ಕಥೆಯ ಜೀವ.

ಕೂದಲಿನ ವಿಷಯದಲ್ಲೂ ಇಂಥದೇ ತಪ್ಪು. ಬೆಳಿಗ್ಗೆ ಧೂಳು ಬಿದ್ದು ಸಂಜೆಗೆ ಕೂದಲು ಕೈಗೆ ಬರುವುದಿಲ್ಲ. ಮೊದಲು ವಾಂತಿ, ಆಮೇಲೆ ಚೇತರಿಸಿಕೊಂಡರೆಂದು ಅನ್ನಿಸುವ ಕೆಲವು ದಿನ, ಕೂದಲು ಉದುರುವುದು ಎರಡು-ಮೂರು ವಾರಕ್ಕೆ. ಮುಟ್ಟಿದರೆ ರೋಗ ಅಂಟುತ್ತದೆ ಎಂದು ತೋರಿಸುವುದೂ ತಪ್ಪು. ಅಂಟುವುದು ಧೂಳು ಮಾತ್ರ. ಮೇಲಿನ ಬಟ್ಟೆ ಕಳಚಿದರೆ ಅದರ ಹೆಚ್ಚಿನ ಪಾಲು ಹೋಗುತ್ತದೆ, ಉಳಿದದ್ದಕ್ಕೆ ಸೋಪು, ನೀರು. ನೀರು ಕುದಿಸಿದರೆ ವಿಕಿರಣ ಹೋಗುವುದಿಲ್ಲ. ಮುಚ್ಚಿದ ಡಬ್ಬಿಯೊಳಗಿನ ಹಿಟ್ಟು ಕೆಡುವುದಿಲ್ಲ, ಹೊರಮೈ ಒರೆಸಿ ತೆಗೆದರೆ ಸಾಕು.

ವಿಜಯಪುರ, ಬಾಗಲಕೋಟೆ ಕಡೆ ಕೂತು ಇಂಥ ಚಿತ್ರ ನೋಡುವವರಿಗೆ ಪರದೆಯ ಮೇಲಿನ ಮರದ ಮನೆ, ನೆಲಮಾಳಿಗೆ ದೂರದವು. ನಮ್ಮ ಮನೆಗಳ ಲೆಕ್ಕವೇ ಬೇರೆ. ಧೂಳಿನ ಗಾಮಾ ಕಿರಣ ಅರ್ಧಕ್ಕೆ ಇಳಿಯಲು ಸುಮಾರು 9 ಸೆಂ.ಮೀ. ಮಣ್ಣು ಅಥವಾ 6 ಸೆಂ.ಮೀ. ಕಾಂಕ್ರೀಟು ಬೇಕು. ಪತ್ರಾಸಿನ ಮನೆಯಲ್ಲಿ ಮೇಲಿನಿಂದ ಬರುವುದಕ್ಕೆ ಹೆಚ್ಚುಕಡಿಮೆ ತಡೆಯೇ ಇಲ್ಲ. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬು ನಾಲ್ಕನೇ ಒಂದಕ್ಕೆ ಇಳಿಸುತ್ತದೆ. ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಮಣ್ಣಿನ ಮಾಳಿಗೆ ಮನೆ, ತೊಲೆ-ಜಂತಿಯ ಮೇಲೆ ಒಂದಡಿ ಮಣ್ಣು ಇದ್ದರೆ, ಹತ್ತನೇ ಒಂದಕ್ಕೆ ಇಳಿಸುತ್ತದೆ. ಅಮೆರಿಕದ ಸರ್ಕಾರಿ ಮಾರ್ಗಸೂಚಿ ‘ಸಾಕಷ್ಟು ಒಳ್ಳೆಯ ಆಸರೆ’ ಎನ್ನುವುದು ಇಷ್ಟಕ್ಕೇ. ಎರಡಡಿ ದಪ್ಪದ ಮಣ್ಣಿನ ಗೋಡೆ ಅದಕ್ಕಿಂತ ಎಷ್ಟೋ ಗಟ್ಟಿ. ದುರ್ಬಲ ಜಾಗಗಳೆಂದರೆ ಬಾಗಿಲು, ಬೆಳಕಿಂಡಿ. ಹಾಗೆಂದು ಹಳೆಯ ಮಾಳಿಗೆಯ ಮೇಲೆ ಇನ್ನಷ್ಟು ಮಣ್ಣು ಹೇರಬಾರದು. ಒಂದು ಚದರ ಮೀಟರಿಗೆ ಒಂದಡಿ ಮಣ್ಣೆಂದರೆ ಸುಮಾರು 500 ಕಿಲೊ. ಗೆದ್ದಲು ತಿಂದ ಜಂತಿ ಮುರಿದರೆ ಒಳಗಿದ್ದವರು ಮಣ್ಣಿನಡಿಯಲ್ಲೇ ಹೋಗುತ್ತಾರೆ.

ಜೋಳ ತುಂಬುವ ಹಗೇವಿನಲ್ಲಿ ಇಳಿದು ಕೂತರಾಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ಮಣ್ಣಿನ ರಕ್ಷಣೆ ಅಲ್ಲಿ ಬೇಕಾದಷ್ಟಿದೆ, ಗಾಳಿ ಇಲ್ಲ. ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡು ತಳದಲ್ಲಿ ನಿಂತಿರುತ್ತದೆ. ಹಗೇವಿಗೆ ಇಳಿದು ಸತ್ತವರಿದ್ದಾರೆ. ಇಳಿಬಿಟ್ಟ ದೀಪ ಉರಿಯಿತೆಂದ ಮಾತ್ರಕ್ಕೆ ಗಾಳಿ ಸರಿಯಿದೆ ಎನ್ನುವಂತಿಲ್ಲ. ಚಿತ್ರಗಳಲ್ಲಿ ಕಿಟಕಿ-ಬಾಗಿಲ ಸಂದಿಗಳಿಗೆಲ್ಲ ಟೇಪು ಮೆತ್ತಿ ವಾರಗಟ್ಟಲೆ ಕೂಡಿಸುವುದೂ ಇದೇ ಬಗೆಯ ತಪ್ಪು. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ. ಹೊರಗೆ 40 ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ಎಂಟು ಜನರನ್ನು ಸಣ್ಣ ಕೋಣೆಯಲ್ಲಿ ಬಿಗಿಯಾಗಿ ಮುಚ್ಚಿದರೆ, ವಿಕಿರಣಕ್ಕಿಂತ ಮುಂಚೆ ಝಳವೇ ಕೊಲ್ಲುತ್ತದೆ. ದಿನಕ್ಕೆ ತಲೆಗೆ ನಾಲ್ಕು ಲೀಟರ್ ನೀರು ಎನ್ನುವ ಪಾಶ್ಚಾತ್ಯ ಲೆಕ್ಕವೂ ಇಲ್ಲಿ ಸಾಲದು.

1986ರ ಚೆರ್ನೋಬಿಲ್ ಅಣುಸ್ಥಾವರದ ಅಪಘಾತದ ನಂತರ ಚಿತ್ರಗಳಲ್ಲಿ ಬಾಂಬಿನ ಜಾಗಕ್ಕೆ ಸ್ಥಾವರ ಬಂತು, ಗೊಂದಲವೂ ಬಂತು. ಏಳು-ಹತ್ತರ ಸೂತ್ರ ಸ್ಥಾವರದ ಅಪಘಾತಕ್ಕೆ ಹೊಂದುವುದಿಲ್ಲ. ಅಲ್ಲಿ ಮೊದಲ ವಾರಗಳ ಚಿಂತೆ ಎಂಟು ದಿನಕ್ಕೊಮ್ಮೆ ಅರ್ಧವಾಗುವ ಅಯೋಡಿನ್-131. ದಶಕಗಳ ಚಿಂತೆ 30 ವರ್ಷಕ್ಕೆ ಅರ್ಧವಾಗುವ ಸೀಸಿಯಂ-137. ಎರಡು ವಾರ ಕಾದು ಊರಿಗೆ ಮರಳುವ ಕಥೆ ಬಾಂಬಿನದು, ವರ್ಷಗಟ್ಟಲೆ ಊರು ಬಿಡುವ ಕಥೆ ಸ್ಥಾವರದ್ದು. ಎರಡನ್ನೂ ಕಲಸಿದ ಚಿತ್ರವನ್ನು ನೋಡುಗರು ಹಿಡಿದು ಕೇಳುವುದು ಸರಿಯೇ.

ಬೆಳಗಾವಿಯವರಿಗೆ ಈ ವ್ಯತ್ಯಾಸ ಹತ್ತಿರದ್ದು. ಉತ್ತರ ಕನ್ನಡದ ಕೈಗಾ ಅಣುಸ್ಥಾವರ ಬೆಳಗಾವಿ ನಗರದಿಂದ ನೇರ ಅಳತೆಯಲ್ಲಿ ಸುಮಾರು 110 ಕಿ.ಮೀ. ಅಲ್ಲಿರುವ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಸಹಜ ಯುರೇನಿಯಂ, ಭಾರಜಲ ಬಳಸುವಂಥವು. ಅವು ಅಣುಬಾಂಬಿನಂತೆ ಸಿಡಿಯಲಾರವು. ನಮ್ಮ ದೇಶದಲ್ಲಿ ಸ್ಥಾವರದ ತುರ್ತು ಯೋಜನಾ ವಲಯ 16 ಕಿ.ಮೀ. ಚಿತ್ರಗಳಲ್ಲಿ ಎಲ್ಲಕ್ಕೂ ಮದ್ದೆಂಬಂತೆ ನುಂಗುವ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಕಾಯುವುದು ಥೈರಾಯ್ಡ್ ಗ್ರಂಥಿಯನ್ನು ಮಾತ್ರ, ಅದೂ ವಿಕಿರಣದ ಅಯೋಡಿನ್ ಮೈ ಸೇರುವ ತುಸು ಮೊದಲು ಅಥವಾ ಸೇರಿದ ಕೆಲವೇ ಗಂಟೆಗಳೊಳಗೆ ತೆಗೆದುಕೊಂಡರೆ. ದೊಡ್ಡವರಿಗೆ 130 ಮಿಲಿಗ್ರಾಂ, ಮೂರು ವರ್ಷ ದಾಟಿದ ಮಕ್ಕಳಿಗೆ 65. ಸೀಸಿಯಂಗೆ ಅದರಿಂದ ಏನೂ ಉಪಯೋಗವಿಲ್ಲ, ಅಧಿಕಾರಿಗಳು ಹೇಳುವ ಮೊದಲೇ ನುಂಗುವಂಥದ್ದೂ ಅಲ್ಲ.