ಪಡೆದದ್ದನ್ನು ಮರಳಿಸುವ ಕೆಲಸ: ಲಿನಕ್ಸ್ ಡ್ರೈವರ್ ಕೋಡ್ ಸರಳವಾದ ಬಗೆ

ಮಲ್ಪೆಯ ದೋಣಿಯೊಂದರಲ್ಲಿ ಜಿಪಿಎಸ್ ರಿಸೀವರನ್ನು ಯುಎಸ್‌ಬಿ ವಯರಿನಲ್ಲಿ ಪುಟ್ಟ ಲಿನಕ್ಸ್ ಬೋರ್ಡಿಗೆ ಜೋಡಿಸಿದ್ದಾರೆ ಎಂದುಕೊಳ್ಳಿ. ಇಂಜಿನ್ ಅದುರುತ್ತದೆ, ಉಪ್ಪುಗಾಳಿಗೆ ಪಿನ್ ತುಕ್ಕು ಹಿಡಿಯುತ್ತದೆ, ಸಂಪರ್ಕ ತಪ್ಪುತ್ತದೆ. ಅದೇ ಕ್ಷಣ ಡ್ರೈವರ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ಲಿನಲ್ಲಿದ್ದು ಸಾಧನವನ್ನು ನಡೆಸುವ ಕೋಡ್, ತಾನು ಪಡೆದ ಮೆಮೊರಿ ಮೊದಲಾದ ಎಲ್ಲವನ್ನೂ ಮರಳಿಸಬೇಕು. ಮೇಜಿನ ಮೇಲಿನ ಪರೀಕ್ಷೆಯಲ್ಲಿ ಈ ಕೋಡ್ ಓಡುವುದು ಅಪರೂಪ. ದೋಷಗಳು ಅಡಗಿ ಕೂರುವುದೂ ಇಲ್ಲೇ.

ಹಳೆಯ ಡ್ರೈವರಿನಲ್ಲಿ, ಸಾಧನ ಸಿಕ್ಕಾಗ ಅದನ್ನು ಸಜ್ಜುಗೊಳಿಸುವ ‘ಪ್ರೋಬ್’ ಫಂಕ್ಷನ್ ತೆರೆದು ನೋಡಿ. ಮೆಮೊರಿ ಪಡೆ, ರಿಜಿಸ್ಟರ್ ಮ್ಯಾಪ್ ಮಾಡು, ಚಿಪ್ಪಿಗೆ ತಾಳ ಕೊಡುವ ಕ್ಲಾಕ್ ಚಾಲೂ ಮಾಡು, ಐಆರ್‌ಕ್ಯೂ (ಸಾಧನ ಪ್ರೊಸೆಸರನ್ನು ಕರೆಯುವ ಇಂಟರಪ್ಟ್ ಸಾಲು) ಕೇಳು. ನಾಲ್ಕನೆಯದು ಸೋತರೆ ಹಿಂದಿನ ಮೂರನ್ನೂ ಹಿಮ್ಮುಖವಾಗಿ ಬಿಡಲು ಫಂಕ್ಷನ್ನಿನ ತುದಿಯಲ್ಲಿ ‘ಗೋಟು’ (ಇಲ್ಲಿಗೆ ಜಿಗಿ ಎಂಬ ಆದೇಶ) ಲೇಬಲ್‌ಗಳ ಸಾಲು. ಮುಂದೆ ಯಾರೋ ನಡುವೆ ಒಂದು ಹೆಜ್ಜೆ ಸೇರಿಸಿ ಲೇಬಲ್ ಸೇರಿಸಲು ಮರೆತರೆ ಮೆಮೊರಿ ಸೋರಿಕೆ.

ಇದಕ್ಕೆ ಪರಿಹಾರವಾಗಿ 2007ರಲ್ಲಿ, ಕರ್ನಲ್ಲಿನ 2.6.21 ಆವೃತ್ತಿಯಲ್ಲಿ, ಡೆವಲಪರ್ ತೇಜುನ್ ಹಿಯೋ ಅವರ ‘ಡೆವ್‌ರೆಸ್’ ಬಂತು. ‘ಡೆವ್‌ಎಮ್’ ಎಂದು ಶುರುವಾಗುವ ಫಂಕ್ಷನ್‌ಗಳಿಂದ ಪಡೆದದ್ದೆಲ್ಲ ಸಾಧನದ ಹೆಸರಿನಲ್ಲಿ ಪಟ್ಟಿಯಾಗುತ್ತದೆ. ಪ್ರೋಬ್ ಸೋತಾಗ, ಇಲ್ಲವೇ ಸಾಧನ ತೆಗೆದಾಗ ಓಡುವ ‘ರಿಮೂವ್’ ಫಂಕ್ಷನ್ ಮುಗಿದ ಮೇಲೆ, ಕರ್ನಲ್ಲೇ ಅವನ್ನು ಹಿಮ್ಮುಖವಾಗಿ ಬಿಡುತ್ತದೆ.

ಈ ‘ಮುಗಿದ ಮೇಲೆ’ ಎಂಬುದನ್ನು ಗಮನಿಸದವರು ಎಡವಿದ್ದಾರೆ. ಐಆರ್‌ಕ್ಯೂ ಡೆವ್‌ಎಮ್‌ನಲ್ಲಿದ್ದು, ಕ್ಲಾಕನ್ನು ಮಾತ್ರ ರಿಮೂವ್‌ನಲ್ಲಿ ಕೈಯಾರೆ ಆರಿಸಿದರೆ, ಕ್ಲಾಕ್ ಮೊದಲು ನಿಲ್ಲುತ್ತದೆ, ಐಆರ್‌ಕ್ಯೂ ಆಮೇಲೆ ಹೋಗುತ್ತದೆ. ಆ ನಡುವೆ ಇಂಟರಪ್ಟ್ ಬಂದರೆ ಅದಕ್ಕೆ ಉತ್ತರಿಸುವ ಹ್ಯಾಂಡ್ಲರ್ ಫಂಕ್ಷನ್ ಕ್ಲಾಕಿಲ್ಲದ ರಿಜಿಸ್ಟರನ್ನು ಓದುತ್ತದೆ. ಕೆಲವು ಚಿಪ್‌ಗಳಲ್ಲಿ ಇಡೀ ಬೋರ್ಡೇ ಸ್ತಬ್ಧವಾಗುತ್ತದೆ. ಅರ್ಧ ಡೆವ್‌ಎಮ್, ಅರ್ಧ ಕೈಕೆಲಸ ಎಂಬ ಬೆರಕೆ ಹಳೆಯ ಗೋಟು ಸಾಲಿಗಿಂತಲೂ ಅಪಾಯಕಾರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕ್ಲಾಕನ್ನು ಪಡೆದು ಚಾಲೂ ಮಾಡುವ ಎರಡೂ ಕೆಲಸಕ್ಕೆ ಒಂದೇ ಡೆವ್‌ಎಮ್ ಫಂಕ್ಷನ್ ಸಿಕ್ಕಿದ್ದು 2022ರಲ್ಲಷ್ಟೆ.

ದೋಣಿಯ ಉದಾಹರಣೆಯಲ್ಲಿ ಇನ್ನೊಂದು ಗಂಡಾಂತರವಿದೆ. ವಯರ್ ಕಳಚಿದರೂ ನಕ್ಷೆಯ ಆ್ಯಪ್ ಸಾಧನದ ಫೈಲನ್ನು ತೆರೆದೇ ಇಟ್ಟಿರುತ್ತದೆ. ಡ್ರೈವರಿನ ಮೆಮೊರಿ ಡೆವ್‌ಎಮ್‌ನಿಂದ ಬಂದದ್ದಾದರೆ ಅದು ಆಗಲೇ ಬಿಡುಗಡೆಯಾಗಿದೆ. ಆ್ಯಪಿನ ಮುಂದಿನ ಓದು ಸತ್ತ ಮೆಮೊರಿಗೆ ಕೈಹಾಕಬಹುದು. ಇಂಥ ಕಡೆ ಬೇಕಾದದ್ದು ಡೆವ್‌ಎಮ್ ಅಲ್ಲ, ಕೊನೆಯ ಬಳಕೆದಾರ ಫೈಲ್ ಮುಚ್ಚುವವರೆಗೆ ಮೆಮೊರಿ ಉಳಿಸುವ ‘ಕೆರೆಫ್’ ಎಣಿಕೆ.

ಪ್ಲಾಟ್‌ಫಾರ್ಮ್ ಡ್ರೈವರ್‌ಗಳ (ಹೆಚ್ಚಾಗಿ ಚಿಪ್ಪಿನೊಳಗೇ ಇರುವ ಸಾಧನಗಳವು) ರಿಮೂವ್ ಮೊದಲು ಪೂರ್ಣಾಂಕ ಹಿಂದಿರುಗಿಸುತ್ತಿತ್ತು. ದೋಷಸಂಖ್ಯೆ ಕೊಟ್ಟರೂ ಕರ್ನಲ್ ಸಾಧನವನ್ನು ತೆಗೆದೇ ಬಿಡುತ್ತಿದ್ದರಿಂದ, ನಡುವೆಯೇ ‘ರಿಟರ್ನ್’ ಆದ ಡ್ರೈವರಿನಲ್ಲಿ ಉಳಿದದ್ದೆಲ್ಲ ಸೋರಿಕೆ. ಸಾವಿರಾರು ಡ್ರೈವರ್‌ಗಳನ್ನು ಒಂದೊಂದಾಗಿ ಬದಲಿಸುತ್ತ ಬಂದು, 2024ರಲ್ಲಿ ಅದನ್ನು ‘ವಾಯ್ಡ್’, ಅಂದರೆ ಏನನ್ನೂ ಹಿಂದಿರುಗಿಸದ ಫಂಕ್ಷನ್ ಮಾಡಲಾಯಿತು. ಅದಕ್ಕೂ ಮುನ್ನ 2023ರ 6.5 ಆವೃತ್ತಿಯಲ್ಲಿ ಪೀಟರ್ ಝೈಲ್‌ಸ್ಟ್ರಾ ಅವರ ‘ಗಾರ್ಡ್’ ಸೇರಿತ್ತು. ಇದರಿಂದ ಕೋಡಿನ ಬ್ಲಾಕ್ ಮುಗಿಯುತ್ತಿದ್ದಂತೆ ಲಾಕ್ (ಇಬ್ಬರು ಒಂದನ್ನೇ ಒಮ್ಮೆಗೆ ಬದಲಿಸದಂತೆ ಹಾಕುವ ಬೀಗ) ತಾನಾಗಿ ಬಿಡುತ್ತದೆ.

ಸುರತ್ಕಲ್, ಮಣಿಪಾಲದ ವಿದ್ಯಾರ್ಥಿಗಳು ಇಂಥ ಪ್ಯಾಚ್ (ಕೋಡಿನ ತಿದ್ದುಪಡಿ) ಬರೆಯುವುದಾದರೆ ಒಂದು ಪ್ಯಾಚಿನಲ್ಲಿ ಒಂದೇ ಬದಲಾವಣೆ ಇರಲಿ. ಕಂಪೈಲ್ ಆದರೆ ಸಾಲದು: ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ‘ಕೆಸಾನ್’ ಚಾಲೂ ಇರುವ ಕರ್ನಲ್ಲಿನಲ್ಲಿ, ಸಾಧನದ ಫೈಲ್ ತೆರೆದಿಟ್ಟುಕೊಂಡೇ, ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸಾಧನಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಡ್ರೈವರನ್ನು ಸಾಧನದಿಂದ ಬಿಡಿಸುವ ‘ಅನ್‌ಬೈಂಡ್’ ಫೈಲಿಗೆ ಸಾಧನದ ಹೆಸರು ಬರೆಯಿರಿ. ಆಮೇಲೆ ಮತ್ತೆ ಜೋಡಿಸುವ ‘ಬೈಂಡ್’. ಹೀಗೆ ನೂರು ಬಾರಿ ಮಾಡಿ, ಪ್ರತಿ ಸುತ್ತಿನ ‘ಡಿಮೆಸೇಜ್’, ಅಂದರೆ ಕರ್ನಲ್ ಬರೆದಿಟ್ಟ ಸಂದೇಶಗಳನ್ನು ಓದಿ.