ಗೊತ್ತಿಲ್ಲದ್ದನ್ನು ಫಾರ್ಮ್ ತುಂಬಿಸಿ ಕೇಳುವುದು ಹೇಗೆ?

ಥೀಸಿಸ್‌ನ ಸಿನಾಪ್ಸಿಸ್, ಅಂದರೆ ಯೋಜನೆಯ ಸಾರಾಂಶ, ಕೊಡುವ ಸಮಯ ಬಂತೆಂದರೆ ಪ್ರತಿ ವರ್ಷ ಒಬ್ಬರಾದರೂ ಈ ವಿಷಯ ಹಿಡಿದು ಬರುತ್ತಾರೆ. "ಮೇಡಂ, ಡಿಫೆನ್ಸ್ ಮೆಕ್ಯಾನಿಸಂ ಮೇಲೆ ಥೀಸಿಸ್ ಮಾಡೋಣ ಅಂತಿದ್ದೀನಿ. ಇನ್ನೂರು ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಡ್ತೀನಿ. ಒತ್ತಡಕ್ಕೂ ಅದಕ್ಕೂ ಸಂಬಂಧ ಇದೆಯಾ ನೋಡ್ತೀನಿ." ಹೋದ ವರ್ಷ ಬಂದ ಹುಡುಗಿಯೂ ಹೀಗೇ ಹೇಳಿದಳು. ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವಳಿಗೂ ಕೇಳಿದೆ. "ಅಲ್ಲಮ್ಮ, ಡಿಫೆನ್ಸ್ ಮೆಕ್ಯಾನಿಸಂ, ಅಂದರೆ ರಕ್ಷಣಾ ತಂತ್ರ, ಮನಸ್ಸು ನಮಗೇ ತಿಳಿಯದ ಹಾಗೆ ಮಾಡುವ ಕೆಲಸ. ತನಗೇ ಗೊತ್ತಿಲ್ಲದ್ದನ್ನು ಒಬ್ಬರು ಫಾರ್ಮ್‌ನಲ್ಲಿ ಹೇಗೆ ತುಂಬುತ್ತಾರೆ?"

ಅವಳು ಸುಮ್ಮನಾದಳು. ಎರಡು ದಿನ ಬಿಟ್ಟು ಬರ್ತೀನಿ ಅಂದಳು. ವಿಷಯವನ್ನೇ ಬದಲಿಸಬೇಕೇನೋ ಅಂತ ಭಯಪಟ್ಟಿದ್ದಳು. ಹಾಗೇನಿಲ್ಲ. ಇದರ ಮೇಲೆ ಒಳ್ಳೆಯ ಥೀಸಿಸ್ ಮಾಡಬಹುದು. ಆದರೆ ಯೋಜನೆ ಈ ಪ್ರಶ್ನೆಯಿಂದ ಶುರುವಾಗಬೇಕು. ಸ್ಯಾಂಪಲ್ ಎಷ್ಟು, ಅಳೆಯುವ ಟೂಲ್ ಯಾವುದು ಅನ್ನುವುದೆಲ್ಲ ಆಮೇಲೆ.

ರಕ್ಷಣಾ ತಂತ್ರ ಅಂದರೆ ಏನು? ನನ್ನ ಬಳಿ ಬಂದಿದ್ದ ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ತಂದೆ ತೀರಿಕೊಂಡು, ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಅವರು ಕೆಲಸಕ್ಕೆ ಹೋದರು. ಒಂದು ಹನಿ ಕಣ್ಣೀರು ಬರಲಿಲ್ಲ. "ವಯಸ್ಸಾಗಿತ್ತು, ಹೋದರು. ನನಗೇನೂ ಆಗಿಲ್ಲ" ಅಂದರು. ಮನೆಯಲ್ಲಿ ಮಾತ್ರ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ತಟ್ಟೆ ತಳ್ಳುತ್ತಿದ್ದರು. ಮಗ ಟಿವಿ ಜೋರಾಗಿ ಇಟ್ಟನೆಂದು ಕೈ ಎತ್ತಿದರು. ಕೊನೆಗೆ ಹೆಂಡತಿ ಅವರನ್ನು ಕರೆತಂದರು.

ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ತಮ್ಮ ದುಃಖ ನಿಜವಾಗಿಯೂ ಕಾಣುತ್ತಿರಲಿಲ್ಲ. ತಡೆದುಕೊಳ್ಳಲಾಗದ್ದನ್ನು ಮನಸ್ಸು ಮುಚ್ಚಿಟ್ಟಿತ್ತು. ಅದರ ಬಿಸಿ ಸಾರಿನ ತಟ್ಟೆಯ ಮೇಲೆ ಬೀಳುತ್ತಿತ್ತು. ಪುಸ್ತಕದಲ್ಲಿ ಇದಕ್ಕೆ ಸ್ಥಾನಪಲ್ಲಟ ಅನ್ನುತ್ತಾರೆ. ನಮ್ಮ ಅಜ್ಜಿಯರು 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಅಂದರು. 'ಕುಣಿಯಲಾರದವಳು ನೆಲ ಡೊಂಕು ಎಂದಳು' ಅನ್ನುವುದರಲ್ಲಿ ಸಮರ್ಥನೆ, ಅಂದರೆ ಸೋಲಿಗೆ ಒಪ್ಪುವಂಥ ಕಾರಣ ಕಟ್ಟಿಕೊಳ್ಳುವ ತಂತ್ರ ಇದೆ. ಗಾದೆ ಮಾಡಿದವರು ಇವನ್ನೆಲ್ಲ ಚೆನ್ನಾಗಿ ಕಂಡಿದ್ದರು, ಅಲ್ವಾ? ಅವರು ಕಂಡದ್ದು ಹೊರಗಿನಿಂದ. ಕುಣಿಯುವವಳಿಗೆ ನೆಲ ನಿಜವಾಗಿಯೂ ಡೊಂಕಾಗಿಯೇ ಕಾಣುತ್ತದೆ. ಸಂಶೋಧನೆಯ ತೊಡಕು ಇರುವುದು ಇಲ್ಲೇ.

ಮನೋವಿಶ್ಲೇಷಣೆಯನ್ನು ಶುರುಮಾಡಿದ ಸಿಗ್ಮಂಡ್ ಫ್ರಾಯ್ಡ್ 1894ರಲ್ಲೇ ಈ ರಕ್ಷಣೆಯ ಬಗ್ಗೆ ಬರೆದರು. ಅವರ ಮಗಳು ಅನ್ನಾ ಫ್ರಾಯ್ಡ್ 1936ರಲ್ಲಿ ಒಂದೊಂದು ತಂತ್ರವನ್ನೂ ಬಿಡಿಸಿ ಜೋಡಿಸಿಟ್ಟರು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಗಿರೀಂದ್ರಶೇಖರ ಬೋಸ್ ಅವರನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅವರು ಕಲ್ಕತ್ತಾದ ವೈದ್ಯರು. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಡಿಎಸ್‌ಸಿ ಪಡೆದರು. ಅವರ ಥೀಸಿಸ್ ವಿಷಯವೇ ದಮನ, ಅಂದರೆ ರಿಪ್ರೆಶನ್, ತಡೆಯಲಾಗದ್ದನ್ನು ಮನಸ್ಸು ತಿಳಿಯದೆಯೇ ಅದುಮುವುದು. ಅದನ್ನು ಫ್ರಾಯ್ಡ್‌ಗೆ ಕಳಿಸಿದರು, ಇಬ್ಬರ ನಡುವೆ ಪತ್ರಗಳು ಓಡಾಡಿದವು. ಮರುವರ್ಷ ಭಾರತೀಯ ಮನೋವಿಶ್ಲೇಷಣಾ ಸಂಘ ಶುರುವಾಯಿತು. ಬೋಸ್ ಫ್ರಾಯ್ಡ್ ಮಾತನ್ನು ಹಾಗೇ ಒಪ್ಪಿದವರಲ್ಲ. ನಮ್ಮ ಆಸೆಗಳು ಒಂದಕ್ಕೊಂದು ವಿರುದ್ಧವಾದ ಜೋಡಿಗಳಾಗಿ ಇರುತ್ತವೆ ಎಂಬ ತಮ್ಮದೇ ವಿಚಾರವನ್ನು ಇಟ್ಟರು. ನೂರು ವರ್ಷಗಳ ಹಿಂದೆ ನಮ್ಮ ದೇಶದಲ್ಲೇ ಈ ವಿಷಯದ ಮೇಲೆ ಥೀಸಿಸ್ ಆಗಿದೆ. ಲಿಟರೇಚರ್ ರಿವ್ಯೂನಲ್ಲಿ ಅವರಿಗೆ ಒಂದು ಪುಟವಾದರೂ ಕೊಡಿ.

ಈಗ ಅಳೆಯುವ ಮಾತು. ಜಾಸ್ತಿ ಜನ ಹಿಡಿಯುವ ದಾರಿ ಪ್ರಶ್ನಾವಳಿ. ಕೆನಡಾದ ಮನೋವೈದ್ಯ ಮೈಕಲ್ ಬಾಂಡ್ 1983ರಲ್ಲಿ ಅಂಥದ್ದೊಂದನ್ನು ಪ್ರಕಟಿಸಿದರು. ಅದರಿಂದ ಬಂದ ಚಿಕ್ಕ ರೂಪ ಡಿಎಸ್‌ಕ್ಯೂ-40, 1993ರದ್ದು. 40 ವಾಕ್ಯ, 20 ತಂತ್ರ. ಇದರ ಹಿಂದಿನ ವಿಚಾರ ಸರಳ. ತಂತ್ರ ನಮಗೆ ಕಾಣದಿರಬಹುದು, ಅದು ಬಿಟ್ಟುಹೋದ ಗುರುತು ಕಾಣುತ್ತದೆ. "ಸಿಟ್ಟು ಬಂದಾಗ ನಾನು ಹೀಗೆ ಮಾಡಿಬಿಡ್ತೀನಿ" ಅಂತ ಜನರಿಗೆ ಸ್ವಲ್ಪಮಟ್ಟಿಗೆ ಗೊತ್ತಿರುತ್ತದೆ. ಒಪ್ಪುವ ಮಾತೇ. ಆದರೆ ಲೆಕ್ಕ ನೋಡಿ, ಒಂದು ತಂತ್ರಕ್ಕೆ ಎರಡೇ ವಾಕ್ಯ. ಎರಡು ವಾಕ್ಯದ ಮೇಲೆ ನಿಂತ ಅಂಕ ಗಟ್ಟಿಯಾಗಿರುವುದಿಲ್ಲ. ಬಿಡಿ ಬಿಡಿ ತಂತ್ರದ ಅಂಕ ಇಟ್ಟುಕೊಂಡು ದೊಡ್ಡ ತೀರ್ಮಾನ ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಬದುಕಿಗೆ ನೆರವಾಗುವ ಪಕ್ವ ತಂತ್ರಗಳು, ತೊಡಕು ತರುವ ಅಪಕ್ವ ತಂತ್ರಗಳು ಅಂತ ಗುಂಪಾಗಿ ನೋಡುವುದು ಕ್ಷೇಮ.

ಇನ್ನೊಂದು ದಾರಿ ಕಥೆ ಹೇಳಿಸುವುದು. ಮನಶ್ಶಾಸ್ತ್ರಜ್ಞೆ ಫೀಬಿ ಕ್ರೇಮರ್ ಚಿತ್ರ ತೋರಿಸಿ ಕಥೆ ಕಟ್ಟಿಸಿದರು. ಆ ಕಥೆಯಲ್ಲಿ ನಿರಾಕರಣೆ (ಇರುವುದನ್ನೇ ಇಲ್ಲ ಅನ್ನುವುದು), ಪ್ರಕ್ಷೇಪಣ (ತನ್ನ ಭಾವನೆಯನ್ನು ಇನ್ನೊಬ್ಬರ ಮೇಲೆ ಹಾಕುವುದು), ತಾದಾತ್ಮ್ಯ (ಇನ್ನೊಬ್ಬರಂತೆ ತಾನಾಗುವುದು) ಈ ಮೂರನ್ನು ಎಣಿಸುವ ಕ್ರಮ ರೂಪಿಸಿದರು. ಮೂರನೆಯದು ಸಂದರ್ಶನ. ಮನೋವೈದ್ಯ ಜಾರ್ಜ್ ವೈಲಂಟ್ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹಳೆಯ ಅಧ್ಯಯನವೊಂದನ್ನು ಮುಂದುವರಿಸಿದರು. 1938ರಲ್ಲಿ ಶುರುವಾಗಿದ್ದ ಅದರಲ್ಲಿ 268 ಗಂಡು ವಿದ್ಯಾರ್ಥಿಗಳಿದ್ದರು. ಕಷ್ಟ ಬಂದಾಗ ಇವರು ಏನು ಮಾಡಿದರು ಅನ್ನುವ ವಿವರಗಳನ್ನು ಕಲೆಹಾಕಿ, ಅವರ ಮುಂದಿನ ಬದುಕು ಏನಾಯಿತೆಂದು ತಿಳಿಯದವರಿಂದ ಅಂಕ ಹಾಕಿಸಿದರು. ಹಾಸ್ಯ, ಪರರಿಗೆ ನೆರವಾಗುವುದು, ಮುಂದಾಲೋಚನೆಯಂಥ ಪಕ್ವ ತಂತ್ರಗಳನ್ನು ಜಾಸ್ತಿ ಬಳಸಿದವರ ಬದುಕು ಒಟ್ಟಿನಲ್ಲಿ ಚೆನ್ನಾಗಿತ್ತು. ಆದರೆ ಅದರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಈ ಮಾತು ನಿಮ್ಮ ಥೀಸಿಸ್‌ನಲ್ಲಿ ಬರಬೇಕು.

ಇನ್ನೂರು ಎಂಬ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಿದರೆ "ಸೀನಿಯರ್ಸ್ ಅಷ್ಟೇ ಮಾಡಿದ್ರು" ಅನ್ನುತ್ತಾರೆ. ಎರಡು ಅಂಶಗಳ ನಂಟನ್ನು 0ಯಿಂದ 1ರ ಅಳತೆಯಲ್ಲಿ ಹೇಳುವುದಾದರೆ, 0.3ರಷ್ಟು ಸಂಬಂಧ ಇದ್ದರೆ ಅದನ್ನು ಹಿಡಿಯಲು, ಸಾಮಾನ್ಯವಾಗಿ ಒಪ್ಪುವ ಮಟ್ಟದಲ್ಲಿ, ಸುಮಾರು 85 ಜನ ಸಾಕು. 0.2 ಇದ್ದರೆ 190 ದಾಟಬೇಕು. ಮೊದಲು ಲೆಕ್ಕ ಹಾಕಿ, ಆಮೇಲೆ ಜನರನ್ನು ಹುಡುಕಿ.

ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಎರಡು ತಿಂಗಳಾದರೂ ಇಟ್ಟುಕೊಳ್ಳಿ. ಒಬ್ಬರು ಕನ್ನಡಕ್ಕೆ ತರಬೇಕು. ಮೂಲ ನೋಡದ ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ಮಾಡಬೇಕು. ಹತ್ತಾರು ಜನರ ಮುಂದೆ ಓದಿ ಏನು ಅರ್ಥವಾಯಿತು ಅಂತ ಕೇಳಬೇಕು. ಒಂದು ಗುಂಡಿ ಈಗಲೇ ತೋರಿಸುತ್ತೇನೆ. ರಿಪ್ರೆಶನ್, ಸಪ್ರೆಶನ್ ಎರಡಕ್ಕೂ 'ಅದುಮಿಡುವುದು' ಅಂತ ಬರೆಯುತ್ತಾರೆ. ಮೊದಲನೆಯದು ತಿಳಿಯದೆ ಆಗುವುದು. ಎರಡನೆಯದು "ನಾಳೆ ಪರೀಕ್ಷೆ, ಇದನ್ನು ಆಮೇಲೆ ಯೋಚಿಸೋಣ" ಅಂತ ತಿಳಿದೇ ಬದಿಗಿಡುವುದು. ವೈಲಂಟ್ ಎರಡನೆಯದನ್ನು ಪಕ್ವ ತಂತ್ರಗಳ ಸಾಲಿನಲ್ಲಿ ಇಟ್ಟರು. ಎರಡಕ್ಕೂ ಒಂದೇ ಪದ ಹಾಕಿದರೆ ಇಡೀ ಫಲಿತಾಂಶ ತಲೆಕೆಳಗಾಗುತ್ತದೆ. ಮುನಿಸಿಕೊಂಡು ಊಟ ಬಿಡುವುದನ್ನು ಯಾವ ಸಾಲಿಗೆ ಸೇರಿಸುತ್ತೀರಿ? ನಮ್ಮ ಮನೆಗಳಲ್ಲಿ ಅದು ಸಿಟ್ಟೂ ಹೌದು, ಬಂದು ಕರೆಯಲಿ ಎಂಬ ಆಸೆಯೂ ಹೌದು. ಹೊರಗಿನ ಟೂಲ್‌ಗೆ ಇದು ಗೊತ್ತಾಗುವುದಿಲ್ಲ. ಇದನ್ನು ನೀವೇ ಯೋಚಿಸಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ರಕ್ಷಣೆ ಇರುವುದು ನೋವು ತಾಗದಿರಲಿ ಎಂದು. ಸಂದರ್ಶನದಲ್ಲಿ "ನೀವು ನಿರಾಕರಣೆಯಲ್ಲಿದ್ದೀರಿ" ಅಂತ ಯಾರಿಗೂ ಹೇಳಬಾರದು. ಕಾಲಿಗೆ ಕಟ್ಟಿದ ಪಟ್ಟಿಯನ್ನು ನೋಡುವ ಆಸೆಗೆ ಕಿತ್ತ ಹಾಗೆ ಅದು. ನೈತಿಕ ಸಮಿತಿಯ ಒಪ್ಪಿಗೆ ಬೇಕು. 18 ತುಂಬದವರಾದರೆ ಅಪ್ಪ ಅಮ್ಮನ ಒಪ್ಪಿಗೆಯ ಜೊತೆ ಅವರ ಒಪ್ಪಿಗೆಯೂ ಬೇಕು. ಮಾತಾಡುತ್ತಾ ಅತ್ತರೆ ಯಾರ ಬಳಿ ಕಳಿಸುತ್ತೀರಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಕೈಯಲ್ಲಿರಲಿ. ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

ಥೀಸಿಸ್ ಮಾಡುವವರ ಮನಸ್ಸಿಗೂ ಇದೇ ನಿಯಮ. ಇನ್ನೂರು ಪಿಡಿಎಫ್ ಇಳಿಸಿಕೊಂಡು, ಬಣ್ಣಬಣ್ಣದಲ್ಲಿ ಗೆರೆ ಹಾಕಿ, ಒಂದು ಸಾಲೂ ಬರೆಯದವರನ್ನು ಕಂಡಿದ್ದೇನೆ. ಸೋಮಾರಿ ಅಂತ ಮನೆಯವರು ಬೈಯುತ್ತಾರೆ. ಅವರು ಸೋಮಾರಿಗಳಲ್ಲ. ಬರೆದರೆ ಯಾರೋ ಓದುತ್ತಾರೆ, ತಪ್ಪು ಹಿಡಿಯುತ್ತಾರೆ. ಓದುತ್ತಲೇ ಇದ್ದರೆ ಆ ಭಯ ಹತ್ತಿರ ಬರುವುದಿಲ್ಲ. "ಗೈಡ್ ಸಮಯ ಕೊಡಲ್ಲ" ಎಂಬ ದೂರು ಎಷ್ಟೋ ಸಲ ನಿಜ. ಕೆಲವು ಸಲ ಅದರ ಹಿಂದೆ ತಿಂಗಳಿಂದ ಫೋನ್ ಮಾಡದವರ ಅಳುಕು ಇರುತ್ತದೆ. ಪಿಎಚ್‌ಡಿಗೆ ಯುಜಿಸಿಯ 2022ರ ನಿಯಮದಲ್ಲಿ ಆರು ವರ್ಷ ಇದೆ. ಎಂಎ ಡಿಸರ್ಟೇಶನ್‌ಗೆ ಅಷ್ಟು ಸಮಯ ಇಲ್ಲ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಒಂದು ನೋಟ್‌ಬುಕ್ ಇಡಿ ಅನ್ನುತ್ತೇನೆ. ಇವತ್ತು ಏನು ಮಾಡಬೇಕಿತ್ತು, ಅದರ ಬದಲು ಏನು ಮಾಡಿದೆ, ಆಗ ಏನನ್ನಿಸಿತು. ಮೂರು ಸಾಲು ಸಾಕು.

ಆ ಹುಡುಗಿ ಎರಡು ದಿನಕ್ಕೆ ಬರಲಿಲ್ಲ, ಎರಡು ವಾರಕ್ಕೆ ಬಂದಳು. ಪ್ರಶ್ನೆ ಚಿಕ್ಕದಾಗಿತ್ತು. ದ್ವಿತೀಯ ಪಿಯುಸಿಯಲ್ಲಿ ಫೇಲಾಗಿ, ಮತ್ತೆ ಬರೆದು ಪಾಸಾಗಿ, ಈಗ ಡಿಗ್ರಿ ಓದುತ್ತಿರುವವರು ಆ ರಿಸಲ್ಟ್ ದಿನವನ್ನು ಹೇಗೆ ನೆನೆಯುತ್ತಾರೆ? ಹನ್ನೆರಡು ಜನ, ಎಲ್ಲರಿಗೂ 18 ದಾಟಿದೆ. ಎಲ್ಲವನ್ನೂ ಬರೆದಿಳಿಸಿ, ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ ತಾಳೆ ನೋಡುವುದು. ಚೆನ್ನಾಗಿದೆ ಅಂದೆ. ಆಮೇಲೆ ನೋಟ್‌ಬುಕ್ ತೆಗೆದು ಒಂದು ಪುಟ ತೋರಿಸಿದಳು. ಮೊದಲ ಸಂದರ್ಶನಕ್ಕೆ ಒಪ್ಪಿದವರಿಗೆ ಒಂಬತ್ತು ದಿನದಿಂದ ಫೋನ್ ಮಾಡಿಲ್ಲ ಅಂತ ಬರೆದಿದ್ದಳು. "ಯಾಕೆ ಅಂತ ಗೊತ್ತು ಮೇಡಂ. ನನ್ನ ಅಣ್ಣನೂ ಫೇಲಾಗಿದ್ದ. ಮನೆಯಲ್ಲಿ ಆ ಮಾತನ್ನು ಇವತ್ತಿಗೂ ಯಾರೂ ಆಡಲ್ಲ." ಅವರು ಏನು ಹೇಳಿದರೂ ನನಗೆ ಅಣ್ಣನದೇ ಕೇಳಿಸುತ್ತೇನೋ ಅಂದಳು. ಅದನ್ನೂ ಮೆಥಡಾಲಜಿ ಅಧ್ಯಾಯದಲ್ಲಿ ಬರೆ, ಎರಡನೇ ಅಂಕ ಹಾಕುವವರು ನಿನ್ನ ಮನೆಯ ವಿಷಯ ತಿಳಿಯದವರಾಗಿರಲಿ ಅಂದೆ. ಹೊರಗೆ ಹೋಗಿ ಕಾರಿಡಾರ್‌ನಿಂದಲೇ ಫೋನ್ ಮಾಡಿದಳು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬರ್ತಾರಂತೆ ಅಂತ ಬಂದು ಹೇಳಿದಳು.