40 ಸಂಗತಿ ತನ್ನಿ: ಅಮೆರಿಕದ ತರಗತಿಗೆ ಜಾನಪದ ಬಂದ ದಾರಿ

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅಲನ್ ಡಂಡಿಸ್ ಅನ್ನುವ ಮೇಷ್ಟ್ರು ಇದ್ದರು. 1963ರಲ್ಲಿ ಅಲ್ಲಿಗೆ ಬಂದವರು 2005ರಲ್ಲಿ ತೀರಿಕೊಳ್ಳುವವರೆಗೂ ಜಾನಪದ ಪಾಠ ಮಾಡಿದರು. ಅವರ ಪರಿಚಯದ ತರಗತಿಗೆ ಸೇರಿದ ಪ್ರತಿಯೊಬ್ಬರೂ 40 ಜಾನಪದ ಸಂಗತಿ ಸಂಗ್ರಹಿಸಿ ತರಬೇಕಿತ್ತು. ಗಾದೆ, ಒಗಟು, ಜೋಕ್, ಮಕ್ಕಳ ಆಟ, ಮನೆಯ ನಂಬಿಕೆ, ಯಾವುದಾದರೂ ಸರಿ. ತಂದರೆ ಸಾಲದು, ಅದು ಯಾವ ಬಗೆಯದು, ಅದರ ಅರ್ಥವೇನು ಅಂತಲೂ ಬರೆಯಬೇಕು. ಹಾಗೆ ವರ್ಷ ವರ್ಷವೂ ಸೇರುತ್ತಾ ಬಂದ ಸಂಗತಿಗಳು ಸುಮಾರು 5 ಲಕ್ಷ.

ಜಾನಪದ ಕಲಿಯೋಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ಅಮೆರಿಕದ ತರಗತಿಗಳು ಈ ಹಂತಕ್ಕೆ ಬರೋಕೆ ಬಹಳ ಕಾಲ ಹಿಡಿಯಿತು. ಜಾನಪದದಲ್ಲಿರುವ ಆ 'ಜನ' ಯಾರು? ಈ ಪ್ರಶ್ನೆಗೆ ಉತ್ತರ ಬದಲಾದ ಹಾಗೆಲ್ಲ ಪಾಠವೂ ಬದಲಾಯಿತು.

ಮೊದಮೊದಲು ಆ ಜನ ದೂರದವರು, ಹಳಬರು. ಹಾರ್ವರ್ಡ್‌ನ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ತಮ್ಮ ಆಯುಷ್ಯವನ್ನೇ ಲಾವಣಿಗಳಿಗೆ ಕೊಟ್ಟವರು. 1882ರಿಂದ ಅವರು ಪ್ರಕಟಿಸುತ್ತಾ ಹೋದ 305 ಲಾವಣಿಗಳು ಇಂಗ್ಲೆಂಡ್, ಸ್ಕಾಟ್ಲೆಂಡಿನವು. ಹೆಚ್ಚಿನವು ಹಳೆಯ ಹಸ್ತಪ್ರತಿಗಳಿಂದ, ಮುದ್ರಿತ ಪುಟಗಳಿಂದ ಬಂದವು. 1888ರಲ್ಲಿ ಅಮೆರಿಕನ್ ಫೋಕ್‌ಲೋರ್ ಸೊಸೈಟಿ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರು. ಇಂಗ್ಲಿಷರಿಂದ ಉಳಿದು ಬಂದದ್ದು, ದಕ್ಷಿಣದ ಕಪ್ಪು ಜನರದ್ದು, ಮೂಲನಿವಾಸಿ ಬುಡಕಟ್ಟುಗಳದ್ದು, ಫ್ರೆಂಚ್ ಕೆನಡಾ ಮತ್ತು ಮೆಕ್ಸಿಕೋದ್ದು, ಹೀಗೆ ಏನೇನು ಸಂಗ್ರಹಿಸಬೇಕು ಅಂತ ಸೊಸೈಟಿ ಪಟ್ಟಿ ಮಾಡಿತು. ಎಲ್ಲ ಬೇಗ ಮಾಯವಾಗುತ್ತಿದೆ, ಅಷ್ಟರೊಳಗೆ ಬರೆದಿಟ್ಟುಕೊಳ್ಳಬೇಕು ಅನ್ನುವ ಆತುರ ಅದರಲ್ಲಿತ್ತು. ಬರೆಯುವವರು ಒಬ್ಬರು, ಹೇಳುವವರು ಇನ್ನೊಬ್ಬರು.

ಐದೇ ವರ್ಷಕ್ಕೆ ಬೇರೆ ಥರದ ಕೆಲಸ ಶುರುವಾಯಿತು. ಪಠ್ಯಗಳಲ್ಲಿ ಇದಕ್ಕೆ ಇನ್ನೂ ಜಾಸ್ತಿ ಜಾಗ ಸಿಗಬೇಕು ಅಂತ ನನ್ನ ಆಸೆ. ವರ್ಜೀನಿಯಾದ ಹ್ಯಾಂಪ್ಟನ್ ಇನ್‌ಸ್ಟಿಟ್ಯೂಟ್, ಗುಲಾಮಗಿರಿಯಿಂದ ಬಿಡುಗಡೆಯಾದವರ ಓದಿಗಾಗಿ 1868ರಲ್ಲಿ ಕಟ್ಟಿದ ಶಾಲೆ. ಅಲ್ಲಿನ ಶಿಕ್ಷಕಿ ಆಲಿಸ್ ಬೇಕನ್ 1893ರಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆದರು. ನಿಮ್ಮ ಜನರ ಕಥೆ, ಹಾಡು, ನಂಬಿಕೆಗಳನ್ನು ನೀವೇ ಬರೆದಿಡಿ, ಹೊರಗಿನವರಿಂದ ಇದು ಆಗದು ಅನ್ನೋದು ಅದರ ತಿರುಳು. ಓದಿದವರಿಗೆ ಆ ಕಥೆಗಳೆಂದರೆ ಗುಲಾಮಗಿರಿಯ ನೆನಪು, ನಾಚಿಕೆ. ಆದರೂ ಒಂದಷ್ಟು ಜನ ಮುಂದೆ ಬಂದರು. ಒಗಟು, ಪ್ರಾಣಿ ಕಥೆ, ಮಾಟ ತೆಗೆಯುವವರ ಸುದ್ದಿ ಎಲ್ಲ ಶಾಲೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಕೇಳಿ ಬರೆದುಕೊಂಡವರೂ ಅದೇ ಕಥೆ ಕೇಳುತ್ತಾ ಬೆಳೆದವರೇ.

ಆದರೆ ನಮ್ಮವರೇ ಆಗಿದ್ದರೂ ಕೇಳೋದು ಸುಲಭ ಅಲ್ಲ. ಜೋರಾ ನೀಲ್ ಹರ್ಸ್ಟನ್ ಅದನ್ನು ಕಷ್ಟಪಟ್ಟು ಕಲಿತರು. ಫ್ಲೋರಿಡಾದ ಈಟನ್‌ವಿಲ್ ಅನ್ನುವ ಕಪ್ಪು ಜನರ ಊರಲ್ಲಿ ಬೆಳೆದ ಹುಡುಗಿ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿಗೆ ಹೋಗಿ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಹತ್ತಿರ ಓದಿದರು. 1927ರಲ್ಲಿ ಸಂಗ್ರಹಕ್ಕೆ ಅಂತ ತಮ್ಮ ಸೀಮೆಗೇ ವಾಪಸ್ ಹೋದರು. ಕಾಲೇಜಿನ ನಾಜೂಕು ಇಂಗ್ಲಿಷ್‌ನಲ್ಲಿ, ನಿಮಗೆ ಜನಪದ ಕಥೆ ಏನಾದರೂ ಗೊತ್ತಾ ಅಂತ ವಿಚಾರಿಸಿದರು. ಜನ ತಲೆಯಾಡಿಸಿ, ಇಲ್ಲ, ಪಕ್ಕದ ಊರಲ್ಲಿ ಕೇಳಿ ಅಂದುಬಿಟ್ಟರು. ಆ ಸಲ ಬರಿಗೈಯಲ್ಲೇ ಬಂದಂತಾಯಿತು ಅಂತ ಅವರೇ ಮುಂದೆ ಬರೆದುಕೊಂಡರು.

ಮತ್ತೆ ಹೋದಾಗ ಮರದ ಕಾರ್ಖಾನೆಯ ಕೂಲಿಗಳ ಕ್ಯಾಂಪಿನಲ್ಲಿ ಉಳಿದರು. ಅಲ್ಲೂ ಯಾರೂ ಹತ್ತಿರ ಸೇರಿಸಲಿಲ್ಲ. ಹೊಳೆಯುವ ಕಾರು ನೋಡಿ ಪೊಲೀಸ್ ಕಡೆಯವಳು ಅಂದುಕೊಂಡಿದ್ದರು. ಉಟ್ಟಿದ್ದು 12.74 ಡಾಲರಿನ ಅಂಗಡಿ ಉಡುಪು, ಸುತ್ತಲಿನ ಹೆಂಗಸರದ್ದು 1.98 ಡಾಲರಿನದ್ದು. ತಾನು ಕಳ್ಳಭಟ್ಟಿ ಕೇಸಿನಿಂದ ತಲೆಮರೆಸಿಕೊಂಡವಳು ಅಂದಮೇಲೆಯೇ ಅವರು ಒಳಗೆ ಬಿಟ್ಟುಕೊಂಡಿದ್ದು. ಆಮೇಲೆ ಹಾಡು, ಕುಣಿತ, ಕಥೆ. ಅಲ್ಲಿನವರು ಕಥೆಗೆ 'ಸುಳ್ಳು' ಅಂತಲೇ ಕರೆಯುತ್ತಿದ್ದರು. ಜನಪದ ಕಥೆ ಹೇಳಿ ಅಂದರೆ ಯಾರಿಗೆ ಗೊತ್ತಾಗುತ್ತೆ? ಸುಳ್ಳು ಹೇಳೋಣ ಬನ್ನಿ ಅಂದರೆ ಎಲ್ಲರೂ ಕೂತರು. ಹೊಸದಾಗಿ ಕ್ಷೇತ್ರಕಾರ್ಯಕ್ಕೆ ಹೊರಡುವ ಯಾವ ವಿದ್ಯಾರ್ಥಿಗಾದರೂ ನಾನು ಮೊದಲು ಓದಿಸೋದು ಹರ್ಸ್ಟನ್ ಇದನ್ನೆಲ್ಲ ಬರೆದಿಟ್ಟ ಪುಟಗಳನ್ನು.

1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರವೇ ಈ ಕೆಲಸಕ್ಕೆ ಕೈಹಾಕಿತು. ಕೆಲಸವಿಲ್ಲದ ಬರಹಗಾರರಿಗೆ ಸಂಬಳ ಕೊಟ್ಟು, ಒಂದು ಕಾಲಕ್ಕೆ ಗುಲಾಮರಾಗಿದ್ದ 2,300ಕ್ಕೂ ಹೆಚ್ಚು ಜನರ ಮಾತು ಬರೆಸಿತು. ಕೇಳಿದವರಲ್ಲಿ ಬಹುಪಾಲು ಬಿಳಿಯರು. ಅವರೆದುರು ಆ ಮುದುಕರು ಎಷ್ಟು ಬಿಚ್ಚಿ ಹೇಳಿರಬಹುದು ಅನ್ನೋದನ್ನೂ ಇಂದಿನ ವಿದ್ಯಾರ್ಥಿ ಯೋಚಿಸಬೇಕಾಗುತ್ತದೆ.

ವಿಶ್ವವಿದ್ಯಾಲಯಗಳಲ್ಲಿ ಜಾನಪದ ಸ್ವಂತ ವಿಷಯವಾಗಿ ನಿಂತದ್ದು ಇದಾದ ಮೇಲೆ. ಸ್ಟಿತ್ ಥಾಂಪ್ಸನ್ ಕಟ್ಟಿದ ಇಂಡಿಯಾನಾ ವಿಶ್ವವಿದ್ಯಾಲಯದ ವಿಭಾಗದಿಂದ 1953ರಲ್ಲಿ ದೇಶದ ಮೊದಲ ಜಾನಪದ ಪಿಎಚ್.ಡಿ. ಬಂತು. ಅವರ ನಂತರ ಬಂದ ರಿಚರ್ಡ್ ಡಾರ್ಸನ್ ಬಹಳ ಖಡಕ್ಕು. ಸುಮ್ನೆ ಬರೆದು 'ಜನಪದ' ಅಂತ ಮಾರುವುದಕ್ಕೆ 1950ರಲ್ಲಿ 'ಫೇಕ್‌ಲೋರ್' ಅಂತ ಹೆಸರಿಟ್ಟರು. ಅವರ ಗುರಿ ಪಾಲ್ ಬನ್ಯನ್ ಅನ್ನುವ ದೈತ್ಯ ಮರಕಡಿಯುವವನ ಕಥೆಗಳು. ಆ ಕಥೆಗಳನ್ನು ಮನೆಮನೆಗೆ ಮುಟ್ಟಿಸಿದ್ದು 1914ರಿಂದ ಒಂದು ಮರದ ಕಂಪನಿ ಹಂಚಿದ ಜಾಹೀರಾತು ಪುಸ್ತಿಕೆಗಳು. ಮರಕಡಿಯುವವರ ಬಾಯಲ್ಲಿ ಅದಕ್ಕೂ ಮುಂಚೆ ಒಂದಿಷ್ಟು ಬನ್ಯನ್ ಕಥೆ ಇದ್ದದ್ದು ನಿಜ. ಡಾರ್ಸನ್ ಸ್ವಲ್ಪ ಅತಿ ಮಾಡಿದರು ಅಂತ ನನಗನ್ನಿಸುತ್ತದೆ. ಆದರೂ 'ಇದನ್ನು ಯಾರು, ಯಾರಿಗೆ, ಯಾವಾಗ ಹೇಳಿದರು' ಅಂತ ಪಟ್ಟುಹಿಡಿದು ಕೇಳುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು.

1966ರಲ್ಲಿ ಜಾರ್ಜಿಯಾದ ಬೆಟ್ಟಗಾಡಿನ ರೇಬನ್ ಗ್ಯಾಪ್‌ನ ಹೈಸ್ಕೂಲ್ ಮಕ್ಕಳೂ ಈ ಕೆಲಸಕ್ಕಿಳಿದರು. ಇಂಗ್ಲಿಷ್ ಪಾಠ ಬೇಸರ ಅಂತ ಕೂತಿದ್ದವರು ಒಂದು ಪತ್ರಿಕೆ ಮಾಡಲು ಹೊರಟರು. ತಮ್ಮ ಅಜ್ಜ ಅಜ್ಜಿಯರ ಹತ್ತಿರ ಹೋಗಿ ಮರದ ದಿಮ್ಮಿಯ ಮನೆ ಕಟ್ಟೋದು, ಸೋಪು ಕಾಯಿಸೋದು, ಚಂದ್ರನನ್ನು ನೋಡಿ ಬಿತ್ತೋದು ಹೇಗೆ ಅಂತ ಕೇಳಿ ಬರೆದರು. ಕೊಳೆತ ಮರದ ಮೇಲೆ ಕತ್ತಲಲ್ಲಿ ಹೊಳೆಯುವ ಶಿಲೀಂಧ್ರದ ಹೆಸರನ್ನೇ, 'ಫಾಕ್ಸ್‌ಫೈರ್' ಅಂತ, ಪತ್ರಿಕೆಗೆ ಇಟ್ಟರು. 1972ರಲ್ಲಿ ಪುಸ್ತಕವಾದಾಗ ಅದು ಲಕ್ಷಗಟ್ಟಲೆ ಮಾರಾಟವಾಯಿತು.

'ಜನ' ಯಾರು ಅನ್ನುವುದರಲ್ಲಿ ಆದ ಈ ಬದಲಾವಣೆಗೆ ಸರಳವಾದ ಮಾತು ಕೊಟ್ಟವರು ಡಂಡಿಸ್. ಯಾವುದಾದರೂ ಒಂದು ಸಂಗತಿ ಸಮಾನವಾಗಿರುವ ಯಾವ ಗುಂಪಾದರೂ 'ಜನ'ವೇ ಅಂದರು. ಇಬ್ಬರಿದ್ದರೂ ಸಾಕು. ರೈತರು ಹೇಗೋ ಆಫೀಸಿನವರೂ ಹಾಗೆಯೇ. ಜೆರಾಕ್ಸ್ ಮಾಡಿ ಕೈಯಿಂದ ಕೈಗೆ ದಾಟಿಸುವ ಆಫೀಸ್ ಜೋಕುಗಳನ್ನೂ ಅವರು ಸಂಗ್ರಹಿಸಿ ಪುಸ್ತಕ ಮಾಡಿದರು.

ನಮ್ಮ ಎಳೆಯೂ ಇಲ್ಲಿ ಸೇರುತ್ತದೆ. ಎ.ಕೆ. ರಾಮಾನುಜನ್ ಮತ್ತು ಹಾ.ಮಾ. ನಾಯಕ ಇಬ್ಬರೂ ಪಿಎಚ್.ಡಿ. ಪಡೆದದ್ದು ಇದೇ ಇಂಡಿಯಾನಾದಲ್ಲಿ, 1960ರ ದಶಕದಲ್ಲಿ. ಡಂಡಿಸ್ ಕೂಡ ಅಲ್ಲಿಯೇ ಓದಿದವರು. ಅವರು 1982ರಲ್ಲಿ ಸಿಂಡ್ರೆಲಾ ಕಥೆಯ ಬಗ್ಗೆ ಸಂಪಾದಿಸಿದ ಪುಸ್ತಕದಲ್ಲಿ ರಾಮಾನುಜನ್ ಬರೆದ ಲೇಖನವಿದೆ, ಅದರಲ್ಲಿ ಕನ್ನಡದ ಜನಪದ ಕಥೆಯ 'ಹಂಚಿ' ಇದ್ದಾಳೆ. ಗಾಜಿನ ಚಪ್ಪಲಿ ಮಾತ್ರ ಗೊತ್ತಿದ್ದ ಅಮೆರಿಕದ ವಿದ್ಯಾರ್ಥಿಗೆ, ಚೆಲುವು ಮುಚ್ಚಿಕೊಳ್ಳಲು ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡ ಹುಡುಗಿ ಅಲ್ಲಿ ಸಿಗುತ್ತಾಳೆ.

2000ದಲ್ಲಿ ಡಂಡಿಸ್ ಅವರಿಗೆ ಹಳೆಯ ವಿದ್ಯಾರ್ಥಿಯೊಬ್ಬರಿಂದ ಒಂದು ಲಕೋಟೆ ಬಂತು. ಒಳಗೆ 10 ಲಕ್ಷ ಡಾಲರಿನ ಚೆಕ್ ಇತ್ತು. ಆ ಹಣದಿಂದ ಅವರು ಬರ್ಕ್ಲಿಯಲ್ಲಿ ಜಾನಪದಕ್ಕೆ ಒಂದು ಪ್ರಾಧ್ಯಾಪಕ ಹುದ್ದೆ ಸ್ಥಾಪಿಸಿದರು.